ಎರಡು ಬೆಲ್ಲಿಗೆ ರೈಟ್

ಆ ದಿನದ ಅಷ್ಟೂ ರಾದ್ಧಾಂತಕ್ಕೆ ಮೂಲ ಒಂದು ಬೆಲ್. ಗುಜರಿಗೆ ಹೊರಟಿದ್ದ ಬಸ್ಸಿನಿಂದ ಬಿಚ್ಚಿ ತಂದದ್ದು. ಅದರ ಹಗ್ಗ ಒಮ್ಮೆ ಎಳೆದರೆ ಮೂರು ಬೀದಿಯಾಚೆ ಮಲಗಿದ ನಾಯಿಯೂ ಎದ್ದು ಟಿಕೆಟ್ಟಿಗೆ ಜೇಬು ತಡಕಬೇಕು, ಅಂಥ ಕಂಠ.

ಕಂಡಕ್ಟರ್ ಅದನ್ನು ಮನೆಗೆ ತಂದದ್ದು ಹೆಂಡತಿಗಾಗಿ. ಅವಳಿಗೆ ಮೂವತ್ತೊಂದನೆಯ ವಾರ. ಹೆರಿಗೆಗೆ ಇನ್ನೂ ಎರಡು ತಿಂಗಳಿರುವಾಗಲೇ ಹೊಟ್ಟೆ ಆಗಾಗ ಕಲ್ಲಿನ ಹಾಗೆ ಬಿಗಿಯತೊಡಗಿ, ಎರಡು ದಿನ ಆಸ್ಪತ್ರೆಯಲ್ಲಿಟ್ಟುಕೊಂಡು, ಸೂಜಿ ಚುಚ್ಚಿ, ಹಿಂದಿನ ಸಂಜೆಯಷ್ಟೇ ಮನೆಗೆ ಕಳಿಸಿದ್ದರು. ಕಳಿಸುವಾಗ ಡಾಕ್ಟರಮ್ಮ ಒಂದೊಂದು ಮಾತನ್ನೂ ಮೊಳೆ ಹೊಡೆದ ಹಾಗೆ ಹೇಳಿದ್ದರು.

"ಆರು ಗಂಟೆಗೊಂದು ಮಾತ್ರೆ. ಎಡಮಗ್ಗುಲಿಗೆ ಮಲಗಬೇಕು. ಬಚ್ಚಲಿಗೆ ಬಿಟ್ಟರೆ ಇನ್ಯಾವುದಕ್ಕೂ ಏಳೋ ಹಾಗಿಲ್ಲ. ನೀರು ಚೆನ್ನಾಗಿ ಕುಡೀಲಿ. ಒಂದು ಗಂಟೆಯೊಳಗೆ ನಾಲ್ಕಕ್ಕಿಂತ ಹೆಚ್ಚು ಸಲ ಬಿಗಿದರೆ ತಡಮಾಡದೆ ಕರ್ಕೊಂಡು ಬನ್ನಿ. ಮಗು ಇನ್ನೂ ಮೂರು ವಾರ ಆದ್ರೂ ಒಳಗಿರಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಅವರಿಗೆ ನೆಮ್ಮದಿ ಬೇಕು."

"ನೆಮ್ಮದಿ ವಿಷಯ ನನಗೆ ಬಿಡಿ ಮೇಡಂ" ಅಂದಿದ್ದ ಕಂಡಕ್ಟರ್. ನಲವತ್ತು ಸೀಟಿನ ಬಸ್ಸಿನಲ್ಲಿ ನೂರಾ ಹತ್ತು ಜನರನ್ನು, ಸ್ಟಾಪು ಬರುವ ತನಕ ಒಬ್ಬರೂ ಬಾಗಿಲಿಗೆ ಬಾರದ ಹಾಗೆ ಹಿಡಿದಿಟ್ಟವನು ಅವನು. ಅಂಥವನಿಗೆ ಒಂದು ಅಂಗೈಯಗಲದ ಮಗುವನ್ನು ಮೂರು ವಾರ ತಡೆದು ನಿಲ್ಲಿಸುವುದು ಯಾವ ಮಹಾ ಕೆಲಸ?

ಬೆಳಕು ಹರಿಯುವ ಮೊದಲೇ ಬೆಲ್ಲನ್ನು ಅಡುಗೆಮನೆಯ ಕಿಟಕಿಯ ಮೇಲೆ ಕೂರಿಸಿದ. ಹಗ್ಗವನ್ನು ಗೋಡೆಗುಂಟ ಮೊಳೆಯಿಂದ ಮೊಳೆಗೆ ಎಳೆದು, ಮಲಗುವ ಕೋಣೆಗೆ ತಂದು, ಅವಳು ಕೈ ಚಾಚುವ ಶ್ರಮವೂ ಬೇಡವೆಂದು ತುದಿಯನ್ನು ಅವಳ ಮಣಿಕಟ್ಟಿಗೇ ಕಟ್ಟಿದ.

"ಒಂದು ಸಲ ಎಳೆದರೆ ಹೊಟ್ಟೆ ಬಿಗಿಯಿತು ಅಂತ. ಎರಡು ಸಲ ಎಳೆದರೆ ನೀರು. ತಿಳೀತಾ?"

"ರೀ, ನಾನು ಕರೆದರೆ ಕೇಳಿಸೋಷ್ಟು ಚಿಕ್ಕದು ನಮ್ಮ ಮನೆ."

"ಕೂಗಿದರೆ ಹೊಟ್ಟೆಗೆ ಎಳೆತ ಬೀಳುತ್ತೆ. ನೀನು ಮಲಗು."

ಅವಳು ಕಣ್ಣು ಮುಚ್ಚಿದಳು. ಐದು ನಿಮಿಷಕ್ಕೆ ಅವನು ಬಂದು ಭುಜ ತಟ್ಟಿದ. "ನಿದ್ದೆ ಬಂತಾ?" ಇನ್ನೈದು ನಿಮಿಷಕ್ಕೆ ಬಂದು ದಿಂಬು ಸರಿಮಾಡಿದ. ಮತ್ತೈದು ನಿಮಿಷಕ್ಕೆ, ಅವಳು ಬಲಮಗ್ಗುಲಿಗೆ ಹೊರಳಿಬಿಟ್ಟಾಳೆಂದು ಬಾಗಿಲಲ್ಲಿ ನಿಂತು ಕಾವಲು ಕಾದ. ಲೋಕದಲ್ಲಿ ಮಲಗಿದವರನ್ನು ಎಬ್ಬಿಸಿ 'ಮಲಗು' ಎಂದು ಹೇಳಿದ ಗಂಡ ಅವನೊಬ್ಬನೇ ಇರಬೇಕು.

ಎಂಟು ಗಂಟೆಗೆ ಮೇಲ್ಮನೆಯ ನಿವೃತ್ತ ಟೀಚರು ಇಳಿದು ಬಂದರು. ಮೂವತ್ತಾರು ವರ್ಷ ಹಾಜರಿ ಕೂಗಿ ಕೂಗಿ, ಈಗ ಬೀದಿಯ ಬೆಕ್ಕುಗಳು ಕೂಡ ಅವರನ್ನು ಕಂಡರೆ ಸಾಲಾಗಿ ನಿಲ್ಲುತ್ತಿದ್ದವು. ಕಂಕುಳಲ್ಲಿ ಒಂದು ಹಾಜರಿ ಪುಸ್ತಕ.

"ಏನಪ್ಪಾ, ಬಿಗಿಯೋದನ್ನ ಯಾರು ಬರ್ಕೋತಿದ್ದಾರೆ?"

"ನಾನೇ ಟೀಚರ್. ನೆನಪಲ್ಲಿ ಇಟ್ಕೊಂಡಿದ್ದೀನಿ."

"ನೆನಪಲ್ಲಿ ಇಟ್ಕೊಂಡ ಮಕ್ಕಳೆಲ್ಲ ಫೇಲಾಗಿದ್ದಾರೆ. ನಾನು ಬರ್ಕೋತೀನಿ. ನಿನ್ನ ಬೆಲ್ಲು ನಮ್ಮನೆ ನೆಲ ತೂರಿಕೊಂಡು ಬರುತ್ತೆ. ಅಲ್ಲೇ ಕೂತು ಒಂದೊಂದಕ್ಕೂ ಒಂದೊಂದು ಗೀಟು ಹಾಕ್ತೀನಿ."

ಇನ್ನು ಡ್ರೈವರ್. ಪಕ್ಕದ ಮನೆಯವನು, ಕಂಡಕ್ಟರನ ಬಸ್ಸನ್ನು ಹದಿನೆಂಟು ವರ್ಷದಿಂದ ಓಡಿಸುತ್ತಿರುವವನೂ ಅವನೇ. ಈ ಹದಿನೆಂಟು ವರ್ಷದಲ್ಲಿ ಅವನು ಒಮ್ಮೆಯೂ ಹಿಂದಕ್ಕೆ ತಿರುಗಿ ನೋಡಿದ್ದಿಲ್ಲ. ಹಿಂದೆ ಏನಾಗುತ್ತಿದೆ ಎಂಬುದೆಲ್ಲ ಬೆಲ್ಲಿನ ಮೂಲಕ ಬರಬೇಕು. ಒಂದಕ್ಕೆ ನಿಲ್ಲಿಸು. ಎರಡಕ್ಕೆ ರೈಟ್, ಹೊರಡು. ಮೂರೋ ಅದಕ್ಕಿಂತ ಹೆಚ್ಚೋ ಬಿದ್ದರೆ ಬಸ್ಸು ಭರ್ತಿ, ಯಾವ ಸ್ಟಾಪಲ್ಲೂ ನಿಲ್ಲಿಸಬೇಡ. ಇಷ್ಟೇ ಅವನ ವೇದಾಂತ. ಭೂಕಂಪವಾದರೂ ಎರಡು ಬೆಲ್ ಬೀಳದೆ ಕ್ಲಚ್ಚಿನ ಮೇಲಿನ ಕಾಲು ತೆಗೆಯುವ ಆಸಾಮಿಯಲ್ಲ.

ಅವನು ತನ್ನ ಬಾವಮೈದುನನ ಹಳೆಯ ಬ್ರೆಡ್ಡಿನ ವ್ಯಾನನ್ನು ತಂದು ಕಂಡಕ್ಟರನ ಅಡುಗೆಮನೆ ಕಿಟಕಿಯ ಕೆಳಗೇ ನಿಲ್ಲಿಸಿದ. ಹಿಂದೆ ತಗಡಿನ ಪೆಟ್ಟಿಗೆ, ಮುಂದೆ ಡ್ರೈವರ್ ಸೀಟು, ನಡುವೆ ಕಿಂಡಿ ಕೂಡ ಇಲ್ಲ.

"ಆಸ್ಪತ್ರೆ ಚಿಂತೆ ಬಿಡು ತಮ್ಮಾ. ನಾನು ಸೀಟು ಬಿಟ್ಟು ಏಳಲ್ಲ."

ಅವನು ಏಳಲೂ ಇಲ್ಲ. ಪೇಪರು ಬಿಡಿಸಿ ಕೂತ.

ಒಂಬತ್ತೂವರೆಗೆ ಹೆಂಡತಿಗೆ ಬಾಯಾರಿತು. ಗಂಡನ ನಿಯಮದಂತೆ ಎರಡು ಸಲ ಎಳೆದಳು. ಟಣ್, ಟಣ್. ಕಂಡಕ್ಟರ್ ಲೋಟಕ್ಕೆ ನೀರು ಬಗ್ಗಿಸುತ್ತಿರುವಾಗಲೇ ಕಿಟಕಿಯ ಕೆಳಗೆ ಎಂಜಿನ್ ಗುಡುಗಿತು. ಇಣುಕಿ ನೋಡುತ್ತಾನೆ, ಬೀದಿಯ ತಿರುವಿನಲ್ಲಿ ಹೊಗೆ ಮಾತ್ರ ಇದೆ.

ಇಪ್ಪತ್ತು ನಿಮಿಷಕ್ಕೆ ಆಸ್ಪತ್ರೆಯಿಂದ ಫೋನು. ಡಾಕ್ಟರಮ್ಮನದೇ ದನಿ.

"ಇಲ್ಲಿ ಒಬ್ಬರು ವ್ಯಾನ್ ತಂದು ನಿಲ್ಲಿಸಿ ಪೇಶೆಂಟನ್ನ ಇಳಿಸ್ಕೊಳ್ಳಿ ಅಂತಿದ್ದಾರೆ. ಸ್ಟ್ರೆಚರ್ ತಗೊಂಡು ನಾಲ್ಕು ಜನ ಓಡಿದ್ದಾರೆ. ಬಾಗಿಲು ತೆಗೆದರೆ ಒಳಗೆ ಒಂದು ಬ್ರೆಡ್ಡಿನ ತುಂಡು ಬಿಟ್ಟು ಏನೂ ಇಲ್ಲ. ನಿಮ್ಮ ಹೆಂಡತಿ ಎಲ್ಲಿ?"

"ಮನೇಲಿ ನೀರು ಕುಡೀತಿದ್ದಾಳೆ ಮೇಡಂ."

ಆ ಕಡೆ ಫೋನು ಇಟ್ಟ ಸದ್ದು.

ಕತೆ ಕೇಳಿ ಹೆಂಡತಿ ನಕ್ಕಳು. ಮಂಚ ಅಲುಗುವಂತೆ ನಕ್ಕಳು. ನಕ್ಕ ರಭಸಕ್ಕೆ ಹೊಟ್ಟೆ ಬಿಗಿಯಿತು. ಮುಖ ಸಣ್ಣದು ಮಾಡಿಕೊಂಡು ಹಗ್ಗವನ್ನು ಒಂದು ಸಲ ಎಳೆದಳು. ಮೇಲಿನಿಂದ ಟೀಚರ ದನಿ ಬಂತು. "ಒಂದು."

"ಇನ್ನು ನನ್ನನ್ನ ನಗಿಸಬೇಡಿ" ಅಂದಳು, ಹೊಟ್ಟೆಯ ಮೇಲೆ ಕೈಯಿಟ್ಟು. ಈ ಸಲ ದನಿಯಲ್ಲಿ ನಗೆ ಇರಲಿಲ್ಲ. "ಮೂರು ದಿನದಿಂದ ನಿದ್ದೆಯಿಲ್ಲ ನನಗೆ. ಒಂದೇ ಒಂದು ಗಂಟೆ ಸುಮ್ಮನೆ ಬಿಡಿ ಸಾಕು. ನಾನು ಸುಮ್ಮನಿದ್ದರೆ ಇದೂ ಸುಮ್ಮನಿರುತ್ತೆ."

ಆದರೆ ಸುಮ್ಮನಿರುವುದು ಕಂಡಕ್ಟರನ ಜಾತಕದಲ್ಲೇ ಬರೆದಿರಲಿಲ್ಲ. ವಾಪಸು ಬಂದ ಡ್ರೈವರನ ಜೊತೆ ಅವಳ ಮಂಚದ ಕಾಲಿನ ಬಳಿಯೇ ನಿಂತು ಜಗಳ ಶುರುಮಾಡಿದ.

"ಡ್ರೈವರಣ್ಣ, ಪೇಶೆಂಟ್ ಹತ್ತಿದ್ದಾಳೋ ಇಲ್ಲವೋ ನೋಡೋದಲ್ವಾ?"

"ನೋಡೋಕೆ ನಾನೇನು ಕಂಡಕ್ಟರಾ? ಹತ್ತಿಸೋದು ನಿನ್ನ ಕೆಲಸ, ಹೊರಡೋದು ನನ್ನ ಕೆಲಸ. ಎರಡು ಬಿತ್ತು, ಹೊರಟೆ."

"ಅದು ನೀರಿಗೆ ಬಿದ್ದದ್ದು."

"ಹದಿನೆಂಟು ವರ್ಷದಲ್ಲಿ ನೀರಿಗೆ ಯಾವತ್ತಾದ್ರೂ ಬೆಲ್ ಹೊಡೆದಿದ್ದೀಯೇನಯ್ಯಾ?"

ಅರ್ಧ ಗಂಟೆಯ ಚರ್ಚೆಯಾಗಿ ಹೊಸ ಒಪ್ಪಂದವಾಯಿತು: ನೀರಿಗೆ ಚಪ್ಪಾಳೆ. ಒಂದು ಬೆಲ್ ಹೊಟ್ಟೆಗೆ. ಎರಡು ಬೆಲ್ ಮಾತ್ರ ಡ್ರೈವರನಿಗೇ ಮೀಸಲು, ಅದು ಬಿದ್ದರೆ ವ್ಯಾನು ಹೊರಡುತ್ತದೆ, ಬ್ರಹ್ಮ ಬಂದು ಅಡ್ಡ ನಿಂತರೂ ಹೊರಡುತ್ತದೆ. ಹೆಂಡತಿ ಎಡಮಗ್ಗುಲಿಗೆ ಮಲಗಿ ಒಂದೊಂದು ಮಾತನ್ನೂ ಕೇಳಿಸಿಕೊಂಡಳು.

ಮೂರು ಗಂಟೆಗೆ ಕಂಡಕ್ಟರ್ ಮಾತ್ರೆ ತರಲು ಔಷಧದಂಗಡಿಗೆ ಹೋದ. ಬಾಗಿಲು ಹಾಕಿದ ಸದ್ದಾಗಿ ಅರೆ ನಿಮಿಷವಾಗಿಲ್ಲ, ಹೆಂಡತಿ ಬಾವಿಗೆ ಬಿದ್ದ ಕೊಡದ ಹಾಗೆ ನಿದ್ದೆಯೊಳಗೆ ಮುಳುಗಿದಳು. ಗಾಢ ನಿದ್ದೆ. ನಿದ್ದೆಯಲ್ಲಿ ಕೂದಲು ಸರಿಸಿದಳು. ಟಣ್. ಸೊಳ್ಳೆ ಓಡಿಸಿದಳು. ಟಣ್. ಕೈಯನ್ನು ದಿಂಬಿನಡಿಗೆ ತಂದಳು. ಟಣ್. ಮೇಲೆ ಟೀಚರು ಒಂದೊಂದಕ್ಕೂ ಕೆಂಪು ಗೀಟು ಎಳೆದರು.

ಕಂಡಕ್ಟರ್ ತಿರುಗಿ ಬಂದಾಗ ಅವರು ಬಾಗಿಲಲ್ಲೇ ನಿಂತಿದ್ದರು, ಪುಸ್ತಕ ಬಿಡಿಸಿಕೊಂಡು.

"ಆರು. ಒಂದೇ ಗಂಟೆಯಲ್ಲಿ ಆರು. ಇನ್ನೇನು ನೋಡ್ತಾ ನಿಂತಿದ್ದೀಯಾ?"

ಕಂಡಕ್ಟರ್ ಮಾತ್ರೆಯ ಪೊಟ್ಟಣವನ್ನು ಬಾಗಿಲಲ್ಲೇ ಎಸೆದ. ಒಳಗೋಡಿ ಹೆಂಡತಿಯನ್ನು ಎಬ್ಬಿಸಿದ.

"ನೋವು ಹೇಗಿದೆ?"

"ಯಾವ ನೋವು? ನಿದ್ದೆ ಮಾಡ್ತಿದ್ದೆ ರೀ."

"ಟೀಚರ್, ನಿದ್ದೆ ಮಾಡ್ತಿದ್ದಳಂತೆ."

"ನೋವು ತಿನ್ನೋ ಹೆಂಗಸರು ಹೀಗೇ ಮುಚ್ಚಿಡೋದು. ಪುಸ್ತಕ ಸುಳ್ಳು ಹೇಳುತ್ತಾ?"

"ಅಲ್ಲ ರೀ, ಹಗ್ಗ ಕೈಗೆ ಕಟ್ಟಿದ್ದೀರಲ್ಲ, ಅದಕ್ಕೇ—"

"ನೀನು ಮಾತಾಡಬೇಡ, ದಣಿವಾಗುತ್ತೆ" ಎಂದು ಕಂಡಕ್ಟರ್ ಆಗಲೇ ಇನ್ನೊಂದು ಕೋಣೆಯ ಹಾಸಿಗೆ ಸುತ್ತಿ ತಲೆಯ ಮೇಲೆ ಹೊತ್ತಿದ್ದ. ಪೇಟೆಯ ಹಮಾಲಿಗಳೆಲ್ಲ ನಾಚಬೇಕು, ಆ ವೇಗದಲ್ಲಿ ಮೆಟ್ಟಿಲು ಇಳಿದ. ಆಸ್ಪತ್ರೆಗೆ ಫೋನು ಮಾಡಿ "ಈ ಸಲ ನಿಜವಾಗಿಯೂ ಬರ್ತಿದ್ದೀವಿ" ಅಂದ. ಮಾತಿನ ಭರದಲ್ಲಿ ಫೋನನ್ನು ಮೆಟ್ಟಿಲ ಮೇಲೆಯೇ ಬಿಟ್ಟ. ವ್ಯಾನಿನ ಹಿಂದಿನ ಪೆಟ್ಟಿಗೆಗೆ ನುಗ್ಗಿ, ಮೊಣಕಾಲೂರಿ, ಹಾಸಿಗೆಯ ಮೂಲೆಗಳನ್ನು ಜೋಡಿಸುತ್ತಿದ್ದ.

ಟಣ್, ಟಣ್.

ವ್ಯಾನು ಚಿಮ್ಮಿತು. ಹಿಂದಿನ ಬಾಗಿಲು ಧಡಾರನೆ ಮುಚ್ಚಿಕೊಂಡಿತು. ಕತ್ತಲಲ್ಲಿ ಕಂಡಕ್ಟರ್ ಹಾಸಿಗೆಯೊಳಗೆ ತಾನೇ ಸುತ್ತಿಕೊಂಡು ಎರಡು ಪಲ್ಟಿ ಹೊಡೆದ. ಎದ್ದು ತಗಡಿಗೆ ಗುದ್ದಿದ. ಒಂದೇ ಒಂದು ಸಲ ಗುದ್ದಿದ್ದರೆ ವ್ಯಾನು ಇದ್ದಲ್ಲೇ ನಿಲ್ಲುತ್ತಿತ್ತು. ಹದಿನೆಂಟು ವರ್ಷ ಅದೇ ಕೆಲಸ ಮಾಡಿದವನಿಗೆ ಆ ಗಳಿಗೆಯಲ್ಲಿ ಅದು ನೆನಪಾಗಬೇಕೇ? ಎರಡೂ ಕೈ ಸೇರಿಸಿ ಮದ್ದಲೆ ಬಡಿದ ಹಾಗೆ ಬಡಿದ.

ಮುಂದೆ ಡ್ರೈವರ್ ತಲೆಯಾಡಿಸಿದ. "ಭರ್ತಿಯಾಗಿದೆ. ಎಲ್ಲೂ ನಿಲ್ಲಿಸೋ ಹಾಗಿಲ್ಲ." ಗೇರು ಬದಲಿಸಿದ. ಎರಡು ಸಿಗ್ನಲ್, ಒಂದು ಪೊಲೀಸ್ ಕೈ, ದಾರಿಗಡ್ಡ ಬಂದ ಒಂದು ಮದುವೆ ಕಾರು, ಒಂದಕ್ಕೂ ನಿಲ್ಲಲಿಲ್ಲ.

ಆಸ್ಪತ್ರೆಯಲ್ಲಿ ಬಾಗಿಲು ತೆಗೆದಾಗ ಒಳಗಿಂದ ಹೊರಬಂದದ್ದು ಬೆವರಿನಲ್ಲಿ ನೆನೆದು, ಮೈತುಂಬ ಬ್ರೆಡ್ಡಿನ ಪುಡಿ ಮೆತ್ತಿಕೊಂಡು, ಮೀನಿನ ಹಾಗೆ ಬಾಯಿ ಬಿಡುತ್ತಿದ್ದ ಕಂಡಕ್ಟರ್. "ಹೆಂಡತಿ... ಮನೇಲಿ..." ಅಂದ. ಸ್ಟ್ರೆಚರಿನವರು ಬರಿಗೈಯಲ್ಲಿ ಎರಡನೆಯ ಸಲ ಹಿಂದಿರುಗಲು ಒಪ್ಪದೆ ಅವನನ್ನೇ ಎತ್ತಿ ಹಾಕಿಕೊಂಡರು. ರಕ್ತದೊತ್ತಡ ನೋಡಿದ ನರ್ಸ್ ಯಂತ್ರ ಕೆಟ್ಟಿದೆಯೆಂದು ಇನ್ನೊಂದು ತಂದಳು. ಅದೂ ಅಷ್ಟೇ ತೋರಿಸಿತು.

ಡಾಕ್ಟರಮ್ಮ ಮಾತ್ರ ಅವನ ಕಡೆ ನೋಡದೆ ಕಾರು ಹತ್ತಿ ಅವನ ಮನೆಗೆ ಹೋದರು. ತಿರುಗಿ ಬರುವಾಗ ಸಂಜೆ ಆರಾಗಿತ್ತು. ಅಷ್ಟು ಹೊತ್ತು ಕಂಡಕ್ಟರ್ ಮಂಚದ ಮೇಲೆ ಬಿದ್ದು, ತಾನು ಎಂದೂ ಕೇಳದ ದೇವರುಗಳಿಗೆಲ್ಲ ಹರಕೆ ಹೊತ್ತಿದ್ದ.

"ಮಗು?" ಅಂದ.

"ಚೆನ್ನಾಗಿದೆ. ಒಂದು ಗಂಟೆ ಕೂತು ನೋಡಿದೆ. ಒಂದೇ ಒಂದು ಸಲ ಬಿಗೀತು, ಅಷ್ಟೇ. ಗರ್ಭದ ಬಾಯಿ ತೆರೆದಿಲ್ಲ, ಗಾಬರಿಯಿಲ್ಲ. ನಾನು ಹೋದಾಗ ಗೊರಕೆ ಹೊಡೀತಿದ್ದರು. ಟೀಚರು ಬಾಗಿಲಲ್ಲಿ ತುಟಿ ಮೇಲೆ ಬೆರಳಿಟ್ಕೊಂಡು ಕಾವಲು ಕೂತಿದ್ದಾರೆ."

ಕಂಡಕ್ಟರನ ಕಣ್ಣು ತುಂಬಿತು. ಒರೆಸಿಕೊಂಡು ಕೇಳಿದ. "ಆದರೆ ಆ ಎರಡು ಬೆಲ್ಲು ಯಾರು ಹೊಡೆದದ್ದು ಮೇಡಂ? ಟೀಚರ ಕಾಲಿಗೆ ಹಗ್ಗ ಸಿಕ್ಕಿತಾ?"

"ನಿಮ್ಮ ಹೆಂಡತಿಯೇ. ಎಚ್ಚರವಾಗಿ, ಬೇಕಂತಲೇ. ನೀವು ವ್ಯಾನ್ ಒಳಗೆ ನುಗ್ಗಿದ ಸದ್ದು ಮಲಗಿದಲ್ಲಿಗೇ ಕೇಳಿಸ್ತಂತೆ." ಡಾಕ್ಟರಮ್ಮ ಚೀಟಿ ಬರೆಯುತ್ತಲೇ ಹೇಳಿದರು. "'ಡಾಕ್ಟರೇ, ನನಗೆ ನೆಮ್ಮದಿ ಬೇಕು ಅಂತ ನೀವೇ ಹೇಳಿದ್ದಿರಲ್ಲ, ಅದಕ್ಕೆ ರೈಟ್ ಕೊಟ್ಟೆ' ಅಂದರು. ನನಗಂತೂ ತಪ್ಪು ಕಾಣಲಿಲ್ಲ."

ಚೀಟಿಯ ಜೊತೆ ಒಂದು ಮಾತ್ರೆಯ ಪಟ್ಟಿ ಬಂತು. ಕಂಡಕ್ಟರ್ ಅದನ್ನು ತಿರುಗಿಸಿ ನೋಡಿದ.

"ಇದು ಅವಳ ಮಾತ್ರೆಯಲ್ವಾ?"

"ಅದೇ. ಬಿಪಿಗೂ ಇದನ್ನೇ ಕೊಡ್ತೀವಿ. ಸುಮ್ಮನೆ ಮಲಗಬೇಕು, ಬಚ್ಚಲಿಗೆ ಬಿಟ್ಟು ಏಳಬಾರದು. ಬೆಳಿಗ್ಗೆ ತನಕ ಇಲ್ಲೇ ಇರಿ. ಅಷ್ಟರಲ್ಲಿ ಒತ್ತಡ ಇಳಿದಿದ್ದರೆ ಎಂಟಕ್ಕೆ ಬಿಡ್ತೀನಿ. ನಿಮ್ಮ ಡ್ರೈವರ್ ಕೆಳಗೇ ಕಾಯ್ತಿದ್ದಾರೆ, ಹೇಳಿದ್ದೀನಿ."

ಡಾಕ್ಟರಮ್ಮ ಹೋದಮೇಲೆ ನರ್ಸ್ ಬಂದು ಕಿಟಕಿಯ ಪಕ್ಕದ ಮೇಜಿನ ಮೇಲೆ ಒಂದು ಹಿತ್ತಾಳೆಯ ಕೈಬೆಲ್ ಇಟ್ಟಳು.

"ಕರೆಂಟಿನ ಬೆಲ್ ಕೆಟ್ಟಿದೆ, ಇದನ್ನೇ ಹೊಡೀರಿ. ಒಂದು ಹೊಡೆದರೆ ತಲೆನೋವು ಅಂತ, ಸೂಜಿ ತರ್ತೀನಿ. ಎರಡು ಹೊಡೆದರೆ ನೀರು."

ಕೋಣೆ ತಂಪಾಗಿತ್ತು. ಮಾತ್ರೆ ನುಂಗಿದ್ದಕ್ಕೋ ಏನೋ ಬಾಯಿ ಒಣಗಿತ್ತು. ಕಂಡಕ್ಟರ್ ಬೆಳಗಿನಿಂದ ಮೊದಲ ಸಲ ಉಸಿರು ಪೂರ್ತಿ ಬಿಟ್ಟು, ಕೈ ಚಾಚಿ, ಬೆಲ್ ತೆಗೆದು ಎರಡು ಸಲ ಅಲ್ಲಾಡಿಸಿದ.

ಕೆಳಗೆ ಅಂಗಳದಲ್ಲಿ ಎಂಜಿನ್ ಗುಡುಗಿತು.

ಅವನಿಗೆ ಕೂಡಲೇ ಹದಿನೆಂಟು ವರ್ಷದ ವಿದ್ಯೆಯೆಲ್ಲ ಒಟ್ಟಿಗೆ ನೆನಪಾಯಿತು. ಕಿಟಕಿಯ ಹೊರಗೆ ಕೈ ಚಾಚಿ, ಬಲ ಹಾಕಿ, ತಪ್ಪಿಲ್ಲದೆ, ಒಂದೇ ಒಂದು ಸಲ ಹೊಡೆದ.

ವ್ಯಾನು ಆಗಲೇ ಗೇಟು ದಾಟಿತ್ತು. ಅವನ ಬೆನ್ನ ಹಿಂದೆ ಕೋಣೆಯ ಬಾಗಿಲು ತೆರೆಯಿತು. ನರ್ಸ್ ಸೂಜಿ ಹಿಡಿದು ಒಳಗೆ ಬಂದಳು.