ಬಾಣಲೆ ಪಾಸು, ಕೊಡೆ ನಪಾಸು

"ಬರಲಿ ಜೊಂಬಿಗಳು! ಒಂದಲ್ಲ, ದಂಡುಗಟ್ಟಿಕೊಂಡೇ ಬರಲಿ! ನಾನಿರುವ ತನಕ ಈ ಮನೆಯ ಹೊಸ್ತಿಲು ಒಂದು ಹೆಣವೂ ದಾಟೋದಿಲ್ಲ. ದಾಟಿದರೆ ನನ್ನ ಹೆಸರು ಬದಲಾಯಿಸಿ!" ಎಂದು ರಿಜೆಕ್ಟ್ ರಾಯರು ಭಾನುವಾರ ಮಧ್ಯಾಹ್ನ ಸೋಫಾದ ಮೇಲೆ ನಿಂತು ಘೋಷಿಸಿದರು.

ಹೆಸರು ಎಂದೋ ಬದಲಾಗಿತ್ತು ಅನ್ನಿ. ಕುರ್ಚಿ ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವುದು ರಾಯರ ಕೆಲಸ. ಕುರ್ಚಿಯನ್ನು ಅಲ್ಲಾಡಿಸಿ, ಎತ್ತಿ ಕುಕ್ಕಿ, ಕೊನೆಗೆ ತಾವೇ ಧೊಪ್ಪನೆ ಕೂತು "ರಿಜೆಕ್ಟ್!" ಅನ್ನುತ್ತಾರೆ. ಹಾಗೆ ಅಂದೂ ಅಂದೂ ಅದೇ ಹೆಸರಾಗಿಬಿಟ್ಟಿತ್ತು.

ಇಷ್ಟೊಂದು ಸಿಟ್ಟು ಬರಲು ಕಾರಣ ಅವರ ಸ್ವಂತ ಮಗಳು. ಟೀವಿಯಲ್ಲಿ ಜೊಂಬಿ ಸಿನಿಮಾ ಬರುತ್ತಿತ್ತು. ಸತ್ತವರು ಎದ್ದು, ಕೈ ಚಾಚಿಕೊಂಡು, ಊಊ ಎನ್ನುತ್ತಾ ಬದುಕಿದವರನ್ನು ತಿನ್ನಲು ಬರುತ್ತಿದ್ದರು. ಮಗಳು ಅಷ್ಟಕ್ಕೆ ಸುಮ್ಮನಿರಬಾರದೇ?

"ನಮ್ಮನೆಗೆ ಜೊಂಬಿ ಬಂದ್ರೆ ನಾನು ಅಮ್ಮನ ಹಿಂದೆ ನಿಂತ್ಕೋತೀನಪ್ಪ."

"ಅಮ್ಮನ ಹಿಂದೆ? ಮತ್ತೆ ನಾನು?"

"ನೀನೂ ಬಾ. ಅಮ್ಮನ ಹಿಂದೆ ಜಾಗ ಇದೆ."

ರಾಯರಿಗೆ ಮೈಯೆಲ್ಲ ಉರಿದುಹೋಯಿತು. ಹೆತ್ತ ಮಗಳು! ಇವಳಿಗೆ ಸೈಕಲ್ ಕಲಿಸಿದವರು ಯಾರು? (ಅದನ್ನೂ ಕಲಿಸಿದ್ದು ಅಮ್ಮನೇ. ಆದರೆ ಪಕ್ಕದಲ್ಲಿ ನಿಂತು "ಹುಷಾರು, ಹುಷಾರು" ಎಂದು ಕೂಗಿದವರು ಯಾರು?) ಸಂಜೆಯೊಳಗೆ ಈ ಹುಡುಗಿಯ ಬಾಯಲ್ಲೇ "ಅಪ್ಪನ ಹಿಂದೆ ನಿಲ್ಲುತ್ತೇನೆ" ಎಂದು ಹೇಳಿಸದಿದ್ದರೆ ತಾವು ಗಂಡಸೇ ಅಲ್ಲ!

ಶಸ್ತ್ರಪರೀಕ್ಷೆ ಶುರುವಾಯಿತು. ಮೊದಲು ಮುಂದಿನ ಕೋಣೆಗೆ ನುಗ್ಗಿದರು. ಅಲ್ಲಿ ಹೆಂಡತಿ ಹೊಲಿಗೆ ಮಷಿನ್ ಮುಂದೆ ಕೂತಿದ್ದಳು.

"ಆ ದೊಡ್ಡ ಕತ್ತರಿ ಕೊಡು."

"ಯಾಕೆ?"

"ಜೊಂಬಿ ಕತ್ತರಿಸೋಕೆ."

"ಅದು ಬಟ್ಟೆ ಕತ್ತರಿ ರೀ! ಅದರಲ್ಲಿ ಕಾಗದ ಕತ್ತರಿಸಿದ್ರೇ ನಾನು ಸುಮ್ಮನಿರೋದಿಲ್ಲ, ಇನ್ನು ಹೆಣ ಕತ್ತರಿಸೋಕೆ ಕೊಡ್ತೀನಾ?"

"ಅಯ್ಯೋ, ಅವು ತಲೆ ತಿನ್ನುತ್ತವೆ ಕಣೇ!"

"ಬೆಳಗ್ಗಿಂದ ನೀವು ತಿಂತಿರೋದೇನು ಮತ್ತೆ?"

ಕತ್ತರಿ ಸಿಗಲಿಲ್ಲ. ಹೆಂಡತಿ ಬಟ್ಟೆಯ ಅಳತೆ ನೋಡುವ ರುಂಡವಿಲ್ಲದ ಬೊಂಬೆಯನ್ನು ಮಾತ್ರ ರಾಯರು ನಡುಮನೆಗೆ ಎಳೆತಂದರು. ಅದರ ಕತ್ತಿನ ಮೇಲೆ ದಿಂಬೊಂದನ್ನು ಬಿಗಿದು, "ಇದೇ ಶತ್ರು!" ಎಂದರು. ಮಗಳು ಸೋಫಾದಲ್ಲಿ ಕಾಲು ಮಡಚಿ ಕೂತು ನೋಡತೊಡಗಿದಳು.

ಇಸ್ತ್ರಿಪೆಟ್ಟಿಗೆಗೆ ತೂಕವಿತ್ತು, ಬಿಸಿಯಿತ್ತು, ವೈರು ಮಾತ್ರ ಗೇಣುದ್ದ. "ಜೊಂಬಿಗೆ ಕೈಮುಗಿದು, ಸ್ವಾಮೀ, ದಯವಿಟ್ಟು ಪ್ಲಗ್ಗಿನ ಹತ್ತಿರ ಬನ್ನಿ ಅಂತ ಕರೀಬೇಕೇನು? ರಿಜೆಕ್ಟ್!" ಕೊಡೆಯನ್ನು ಖಡ್ಗದಂತೆ ಝಳಪಿಸಿದರು. ಅದು ಫಟ್ಟನೆ ಬಿಚ್ಚಿಕೊಂಡು ರಾಯರನ್ನೇ ಕಪಾಟಿಗೆ ಒತ್ತಿ ಹಿಡಿಯಿತು. ರಿಜೆಕ್ಟ್! ನೆಲ ಒರೆಸುವ ಕೋಲನ್ನು ಗಿರಗಿರನೆ ತಿರುಗಿಸಿದರೆ ಅದರ ತುದಿಯ ಒದ್ದೆ ಬಟ್ಟೆ ಹಾರಿಹೋಗಿ ಫ್ಯಾನಿಗೆ ಸುತ್ತಿಕೊಂಡು ಅಪ್ಪ ಮಗಳಿಬ್ಬರ ಮೇಲೂ ಗಲೀಜು ನೀರು ಎರಚಿತು.

"ಥೂ! ಈ ಮನೆಯಲ್ಲಿ ಒಂದು ಸಾಮಾನೂ ಯುದ್ಧಕ್ಕೆ ಲಾಯಕ್ಕಿಲ್ಲ! ಯಾರು ತಂದಿದ್ದು ಇವನ್ನೆಲ್ಲ?"

"ನೀವೇ!" ಎಂದು ಮುಂದಿನ ಕೋಣೆಯಿಂದ ಉತ್ತರ ಬಂತು.

ಉಳಿದದ್ದು ಕಬ್ಬಿಣದ ಬಾಣಲೆ. ರಾಯರು ತಲೆಗೆ ರಕ್ಷಣೆಯೆಂದು ಸ್ಟೀಲ್ ಪಾತ್ರೆಯೊಂದನ್ನು ಕವುಚಿಕೊಂಡರು, ಎರಡೂ ಕೈಯಲ್ಲಿ ಬಾಣಲೆ ಎತ್ತಿ ಬೀಸಿದರು ನೋಡಿ! ದಿಂಬು ಢಬ್ ಎಂದು ಒಡೆದು ಮನೆತುಂಬ ಹತ್ತಿ ಹಾರಾಡಿತು. ಬೊಂಬೆ ಉರುಳಿತು. "ಪಾಸ್!" ಎಂದು ರಾಯರು ಅಬ್ಬರಿಸಿದರು.

"ಬಾಚೋರು ಯಾರು ಇದನ್ನೆಲ್ಲ? ನಿಮ್ಮ ಜೊಂಬಿನಾ?" ಸದ್ದು ಕೇಳಿ ಎದ್ದುಬಂದ ಹೆಂಡತಿ ತಲೆ ಚಚ್ಚಿಕೊಂಡು ಪೊರಕೆ ತರಲು ಅಡುಗೆಮನೆಗೆ ಹೋದಳು. ಮಗಳೂ ಹಿಂದೆಯೇ ಹೋದಳು.

ಆಗಲೇ ಬೀದಿ ಬಾಗಿಲು ಕಿರ್ರೆಂದಿತು.

ಪಾತ್ರೆ ರಾಯರ ಕಣ್ಣಿನವರೆಗೆ ಜಾರಿತ್ತು. ಅದರ ಅಂಚಿನ ಕೆಳಗೆ ಕಂಡದ್ದು ಇಷ್ಟೇ: ನಿಧಾನವಾಗಿ ಎಳೆದುಕೊಂಡು ಬರುವ ಎರಡು ಕಾಲು, ಮುಂದೆ ಚಾಚಿದ ಒಂದು ಕೈ, ರಕ್ತ ಒಸರುತ್ತಿದ್ದ ಒಂದು ಗಲ್ಲ. ಆಮೇಲೆ ದನಿಯೂ ಕೇಳಿಸಿತು.

"ಅಳಿಯಂದ್ರಾ... ಊಊ... ಆಆ... ತಿನ್ನಬೇಕೂ!"

ಭೂಮಿಯ ಮೇಲೆ ತಮ್ಮನ್ನು ಅಳಿಯ ಅನ್ನುವವರು ಒಬ್ಬರೇ. ಅಂದರೆ ಮಾವನವರೇ ಜೊಂಬಿಯಾಗಿಬಿಟ್ಟಿದ್ದಾರೆ! ಹುಡುಕಿಕೊಂಡು ಬಂದಿರುವುದೂ ಅಳಿಯನನ್ನೇ!

ಪಾಸಾದ ಬಾಣಲೆ ಠಣಾರೆಂದು ನೆಲಕ್ಕೆ ಬಿತ್ತು. ರಾಯರು ಬಚ್ಚಲುಮನೆಗೆ ಹಾರಿ ಚಿಲಕ ಜಡಿದರು.

"ಅಪ್ಪಾ, ಏನಾಯ್ತು?" ಹೊರಗಿನಿಂದ ಮಗಳು ಬಾಗಿಲು ಬಡಿದಳು.

"ಜೊಂಬಿ! ಬಂದೇಬಿಟ್ಟಿದೆ! ಬಾಗಿಲು ತೆಗೆಯೋದಿಲ್ಲ!"

"ನಾವಿನ್ನೂ ಹೊರಗೇ ಇದೀವಲ್ಲಪ್ಪ!"

ಒಳಗಿನಿಂದ ಸಣ್ಣ ದನಿಯೊಂದು ಕೇಳಿಬಂತು: "ಅಮ್ಮನ್ನ ಕರಿ."

ಅಮ್ಮ ಅಷ್ಟರಲ್ಲಿ ಜೊಂಬಿಯನ್ನು ಸೋಫಾದಲ್ಲಿ ಕೂರಿಸಿ, ಗಲ್ಲ ಒರೆಸುತ್ತಿದ್ದಳು. "ರೀ! ಹೊರಗೆ ಬನ್ನಿ, ನಮ್ಮಪ್ಪ! ಹಲ್ಲು ಕೀಳಿಸ್ಕೊಂಡು ಸೀದಾ ಇಲ್ಲಿಗೇ ಬರ್ತಾರೆ ಅಂತ ನಿನ್ನೆಯಿಂದ ಬಡ್ಕೋತಿದೀನಿ, ಕಿವಿಗೆ ಹಾಕ್ಕೊಂಡ್ರಾ?"

ರಾಯರು ಹೊರಬಂದರು. ಸಿಟ್ಟು ಇಳಿದಿರಲಿಲ್ಲ, ನಾಚಿಕೆಗೆ ಇನ್ನಷ್ಟು ಏರಿತ್ತು. "ಹಲ್ಲು ಕೀಳಿಸಿಕೊಂಡವರು ಬಾಗಿಲಲ್ಲಿ ನಿಂತು, ಹಲ್ಲು ಕೀಳಿಸಿಕೊಂಡಿದ್ದೇನೆ ಅಂತ ಹೇಳಬೇಕಪ್ಪ! ಕೈ ಚಾಚಿಕೊಂಡು ಅಳಿಯನ್ನ ತಿನ್ನಬೇಕು ಅನ್ನೋದು ಯಾವ ಮರ್ಯಾದೆ? ನನ್ನ ಈ ಕಿವಿಯಾರೆ ಕೇಳಿದೀನಿ!"

ಮಾವನವರು ಬಾಯಿಂದ ಹತ್ತಿ ತೆಗೆದು, ಜೋಮು ಹಿಡಿದ ತುಟಿಯನ್ನು ಕಷ್ಟಪಟ್ಟು ಆಡಿಸಿದರು. "ಅಳಿಯಂದ್ರೇ, ಐಸ್‌ಕ್ರೀಮ್ ತಿನ್ನಬೇಕು ಅಂದೆ. ಗಟ್ಟಿಯಾಗಿರೋದು ಏನೂ ಮುಟ್ಟಬೇಡಿ, ಇವತ್ತೆಲ್ಲ ಮೆತ್ತಗಿರೋದೇ ತಿನ್ನಿ ಅಂದಿದಾರೆ ಡಾಕ್ಟ್ರು."

ಮುಳುಗುತ್ತಿದ್ದ ರಾಯರಿಗೆ ಆ ಮಾತೇ ಸಾಕಾಯಿತು. ಎದೆಯುಬ್ಬಿಸಿ ಮಗಳ ಕಡೆ ತಿರುಗಿದರು. "ಕೇಳಿಸ್ಕೊಂಡ್ಯಾ ಪುಟ್ಟಿ? ಗಟ್ಟಿ ಇರೋದನ್ನ ತಾತ ಮುಟ್ಟೋ ಹಾಗೇ ಇಲ್ಲವಂತೆ! ನನ್ನಂಥ ಗಟ್ಟಿ ಆಸಾಮೀನ ಹೇಗೆ ತಿಂತಾರೆ? ನಾನು ಸುಮ್ಮನೆ ಒಳಗೆ ಹೋದೆ ಅಷ್ಟೆ."

ಮಗಳು ಅಪ್ಪನ ಕಾಲುಗಳನ್ನು ನೋಡಿದಳು. ಅವು ಇನ್ನೂ ಗಡಗಡ ನಡುಗುತ್ತಿದ್ದವು. ತಾತನ ಪಕ್ಕ ಕೂತು, ಅವರ ಕೈ ಸವರುತ್ತಾ ಮೆಲ್ಲಗೆ ಹೇಳಿದಳು.

"ಇಲ್ಲ ತಾತ, ಅಪ್ಪನ್ನ ನೀವು ಆರಾಮಾಗಿ ತಿನ್ನಬಹುದು."