ರೇಷ್ಮೆ ದಾರದ ವೈದ್ಯ

ಒಟ್ಟು ಆರು ಸಾವಿರ ರೂಪಾಯಿ ಖರ್ಚಾಯಿತು. ಮೊದಲೇ ತೋರಿಸಿದ್ದರೆ ಅರ್ಧದಲ್ಲಿ ಮುಗಿಯುತ್ತಿತ್ತು. ಉಳಿದರ್ಧ ನನ್ನ ಜಾಣತನಕ್ಕೆ ತೆತ್ತದ್ದು. ಸುಗಟೂರಿನ ಸುತ್ತಮುತ್ತ ಹಸು ಕೊಡಿಸುವ ದಲ್ಲಾಳಿ ನಾನು. ಹಲ್ಲು, ಕೆಚ್ಚಲು, ಬಾಲದ ಬುಡ ಎಲ್ಲವನ್ನೂ ಹತ್ತು ಜನರ ಮುಂದೆ ತಡವಿ ನೋಡಿ ದೋಷ ಹೇಳುವವನು. ಅಂಥವನಿಗೆ, ವೃಷಣದ ಚರ್ಮದ ಮೇಲೆ ಕಡಲೆಕಾಳಿನಷ್ಟಿದ್ದ ಗಂಟೊಂದು ದ್ರಾಕ್ಷಿಯಷ್ಟಾಗಿ ಜೋತುಬಿದ್ದಾಗ, ಯಾರಿಗೂ ತೋರಿಸುವ ಧೈರ್ಯ ಬರಲಿಲ್ಲ. ನಮ್ಮ ಕಡೆ ಹಸುವಿನ ಮೊಲೆಯ ಮೇಲೆ ನರಹುಲಿ ಎದ್ದರೆ ಬುಡಕ್ಕೆ ರೇಷ್ಮೆ ದಾರ ಬಿಗಿಯುತ್ತೇವೆ, ಒಣಗಿ ಉದುರುತ್ತದೆ. ನಾನೂ ಬಚ್ಚಲಿನ ಬಾಗಿಲು ಹಾಕಿಕೊಂಡು ಬಿಗಿದೆ. ಉದುರಲಿಲ್ಲ, ಮೂರನೇ ದಿನಕ್ಕೆ ಊದಿ ಕಪ್ಪಾಯಿತು. ಕಾಲು ಅಗಲಿಸಿ ನಡೆಯುವುದನ್ನು ಕಂಡ ಹೆಂಡತಿ ಲಕ್ಷ್ಮಮ್ಮ ಬಾಯಿ ಬಿಡಿಸಿದಳು.

"ಸಂತೆ ಸಂತೆ ತಿರುಗ್ತೀರ, ಎಲ್ಲಿಂದ ಅಂಟಿಸ್ಕೊಂಡು ಬಂದ್ರಿ?"

"ದೇವರಾಣೆ ಎಲ್ಲೂ ಇಲ್ಲ ಕಣೇ!"

"ಆಣೆ ಡಾಕ್ಟ್ರ ಮುಂದೆ ಇಡೀರಂತೆ, ನಡೀರಿ."

ನನಗೆ ಕ್ಯಾನ್ಸರಿನ ಭಯ, ಅವಳಿಗೆ ಬೇರೆಯದೇ ಅನುಮಾನ. ಕೋಲಾರದ ಚರ್ಮದ ಡಾಕ್ಟರ ಮುಂದೆ ನಾನು ಅಭ್ಯಾಸಬಲದಿಂದ ಚೌಕಾಸಿಗೆ ಕೂತೆ. "ಪಂಚೆ ಬಿಚ್ಚೋದು ಬೇಡ ಸಾರ್, ಬಾಯಲ್ಲೇ ಹೇಳ್ತೀನಿ, ನೀವು ಮಾತ್ರೆ ಬರ್ಕೊಡಿ."

"ನೋಡ್ದೇನೇ ಹಸು ಕೊಡಿಸ್ತೀರೇನ್ರೀ ನೀವು?" ಎಂದರು.

ಮಂಚ ಹತ್ತಿದೆ. ದೀಪ ಹಿಡಿದು ಬಹಳ ಹೊತ್ತು ನೋಡಿದ ಡಾಕ್ಟರು ದಾರದ ಗುರುತು ಹಿಡಿದುಬಿಟ್ಟರು. "ರಕ್ತ ಓಡಾಡದ ಹಾಗೆ ಬಿಗಿದಿದೀರ. ಇದು ತಾನಾಗೇ ಕಪ್ಪಾಗಿದ್ಯೋ, ನೀವು ಮಾಡಿದ್ದೋ, ಬರೀ ಕಣ್ಣಲ್ಲಿ ಹೇಳಕ್ಕಾಗಲ್ಲ. ತೆಗೆದು ಪರೀಕ್ಷೆಗೆ ಕಳಿಸ್ಬೇಕು."

ಮರಗಟ್ಟಿಸುವ ಸೂಜಿ ಚುಚ್ಚಿ ಹತ್ತು ನಿಮಿಷದಲ್ಲಿ ತೆಗೆದರು. ಚೂರು ಲ್ಯಾಬಿಗೆ ಹೋಯಿತು, ನನ್ನ ಹಾಸಿಗೆ ಜಗುಲಿಗೆ ಬಂತು. ವಾರದ ಮೇಲೆ ರಿಪೋರ್ಟು: ಚರ್ಮವೇ ಹೆಚ್ಚಾಗಿ ಬೆಳೆದು ಜೋತುಬಿದ್ದದ್ದು; ಕ್ಯಾನ್ಸರಲ್ಲ, ಅಂಟುರೋಗವೂ ಅಲ್ಲ. ಆ ಜಾಗದಲ್ಲಿ ಅಷ್ಟು ದೊಡ್ಡದು ಅಪರೂಪ ಎಂದರು ಡಾಕ್ಟರು. ಕ್ಯಾನ್ಸರಲ್ಲ ಎಂದಾಗ ನಾನು ಉಸಿರು ಬಿಟ್ಟೆ. ಲಕ್ಷ್ಮಮ್ಮ ಮಾತ್ರ, "ಆ ಎರಡ್ನೇದು ಇನ್ನೊಂದ್ಸಲ ಹೇಳಿ ಸಾರ್" ಎಂದು ಮತ್ತೆ ಹೇಳಿಸಿದ ಮೇಲೇ ಎದ್ದದ್ದು.

ಆದ್ದರಿಂದ, ಅಲ್ಲಿ ಗಂಟು ಕಂಡರೆ ಕಟ್ಟಬೇಡಿ, ಸುಡಬೇಡಿ, ಸುಣ್ಣ ಹಚ್ಚಬೇಡಿ. ಸಣ್ಣದಿರುವಾಗಲೇ ತೋರಿಸಿ. ಏನೇನು ಮಾಡಿಕೊಂಡಿದ್ದೀರೆಂದು ಡಾಕ್ಟರಿಗೆ ನೀವೇ ಮೊದಲು ಹೇಳಿಬಿಡಿ. ಹೆಂಡತಿಯನ್ನು ಕರೆದುಕೊಂಡೇ ಹೋಗಿ, ಫಲಿತಾಂಶ ನೇರ ಅವಳ ಕಿವಿಗೇ ಬೀಳಲಿ. ಇದನ್ನೆಲ್ಲ ಯಾರು ಹೇಳಿದರೆಂದು ಯಾರಾದರೂ ಕೇಳಿದರೆ, ಯಾರೋ ಸ್ನೇಹಿತರಿಗೆ ಆಗಿತ್ತಂತೆ ಎನ್ನಿ. ಸಂತೆಯಲ್ಲಿ ನಾನೂ ಹಾಗೇ ಹೇಳುತ್ತಿದ್ದೇನೆ.