ಖರೇ ಹೇಳುವ ಅಂಗಡಿಯ ಮೇಲಿನ ಗುಮಾನಿ

ಸುಳ್ಳು ಹೇಳಿ ಸಿಕ್ಕಿಬಿದ್ದವರ ಕಥೆಗಳನ್ನು ನೀವು ಬೇಕಾದಷ್ಟು ಕೇಳಿದ್ದೀರಿ. ಖರೇ ಹೇಳಿ ಸಿಕ್ಕಿಬಿದ್ದವನು ಬಹುಶಃ ನಾನೊಬ್ಬನೇ. ಅದೂ ಒಂದು ಸಲವಲ್ಲ, ಅಂಗಡಿಯ ಬಾಗಿಲು ತೆಗೆದ ದಿನವೆಲ್ಲ ಒಂದಲ್ಲ ಒಂದು ನಡೆಯುತ್ತಲೇ ಇತ್ತು. ಈಗ ಅಂಗಡಿಯನ್ನು ಮಗನಿಗೆ ಒಪ್ಪಿಸಿ ಕಟ್ಟೆಯ ಮೇಲೆ ಆರಾಮಾಗಿ ಕೂತಿದ್ದೇನೆ. ಕೇಳುವವರು ಯಾರೇ ಸಿಗಲಿ, ಬಿಡುವ ಆಸಾಮಿಯಲ್ಲ. ಇವತ್ತು ನೀವು ಸಿಕ್ಕಿದ್ದೀರಿ.

ಧಾರವಾಡದಲ್ಲಿ ಬಿ.ಎ. ಮುಗಿಸಿ ನಾನು ಗಂಗಾವತಿಗೆ ಮರಳಿದಾಗ ಇನ್ನೂ ನಿಜಾಮರ ರಾಜ್ಯ. ಎರಡನೆಯ ದೊಡ್ಡ ಯುದ್ಧ ಆಗತಾನೆ ಶುರುವಾಗಿತ್ತು. ಪ್ಯಾಟಿಯಲ್ಲಿ ನಮ್ಮಪ್ಪನ ಸೀರೆ-ಧೋತರದ ಅರಿವೆ ಅಂಗಡಿ. ಕಾಲೇಜಿನಲ್ಲಿ ನಾನು ನೀತಿಶಾಸ್ತ್ರದ ದಪ್ಪ ದಪ್ಪ ಪುಸ್ತಕ ಓದಿದವನು. ಮನೆಯಲ್ಲೊಂದು ನಾಲಿಗೆ, ಅಂಗಡಿಯ ದುಡ್ಡಿನ ಗಲ್ಲೆಯ ಮೇಲೊಂದು ನಾಲಿಗೆ ಇಟ್ಟುಕೊಳ್ಳುವುದು ನನ್ನಿಂದಾಗದು ಎಂದು ಬಂದ ಮರುದಿನವೇ ಸಾರಿಬಿಟ್ಟೆ. ಎಲ್ಲರಿಗೂ ಒಂದೇ ದರ, ಅರಿವೆಯನ್ನು ಜಗ್ಗಿ ಅಳೆಯುವಂತಿಲ್ಲ, ಮಾಲಿನಲ್ಲಿ ಕುಂದಿದ್ದರೆ ಮೊದಲು ನಾವೇ ಹೇಳಬೇಕು.

ಅಪ್ಪ ನನ್ನ ಮುಖ ನೋಡಿದ. "ಪರೀಕ್ಷಾ ಮುಗೀತಲ್ಲೋ, ಇನ್ನೂ ಯಾಕ ನೆನಪಿಟ್ಕೊಂಡು ಕುಂತೀ?"

ಅವ್ವನ ಚಿಂತೆ ಬೇರೆ. "ಅಂಗಡಿ ಹೆಂಗರ ಹೋಗಲಿ. ಸುಳ್ಳು ಹೇಳಾಕ ಬರಲಾರದವಗ ಯಾರು ಹೆಣ್ಣು ಕೊಡ್ತಾರ?"

ಅಪ್ಪ ವ್ಯಾಪಾರಿ. ಅಲ್ಲಿಯೂ ಒಂದು ಕರಾರು ಹಾಕಿದ. "ಬರೂ ದೀಪಾವಳಿತನಕ ನಿನ್ನ ನೀತಿ ನಡಸು. ಅದರೊಳಗ ಯಾರರ ನಂಬಿ ಹೆಣ್ಣು ಕೊಟ್ರ ಅಂಗಡಿ ನಿಂದು, ನಿನ್ನ ಪದ್ಧತೀನ ಖಾಯಂ. ಕೊಡಲಿಲ್ಲಂದ್ರ ತೆಪ್ಪಗ ನಾ ಹೇಳಿದಂಗ ಮಾರಬೇಕು."

ನಾನು ಒಪ್ಪಿದೆ. ಅಂಗಡಿಯ ಆಸೆ ಇತ್ತು. ಲಗ್ನದ ಆಸೆ ಅದಕ್ಕಿಂತ ತುಸು ಹೆಚ್ಚೇ ಇತ್ತು.

ಕರೆಯದ ಸಾವಕಾರ

ಮೊದಲ ವಾರವೇ ನವಲಿಯಿಂದ ಒಬ್ಬ ಮುದುಕಿ ಸೀರೆಗೆ ಬಂದಳು. ಸೀರೆ ಮೆಚ್ಚಿದಳು, ದರ ಕೇಳಿದಳು, ಹೇಳಿದೆ. ಆಕೆ ಪದ್ಧತಿಯಂತೆ ಅದರ ಅರ್ಧಕ್ಕೆ ಕೇಳಿದಳು. ನಾನು ಬರೆಸಿ ತೂಗುಹಾಕಿದ್ದ ಬೋರ್ಡು ತೋರಿಸಿ, "ಅವ್ವಾ, ಇಲ್ಲಿ ಒಂದೇ ದರ" ಅಂದೆ.

"ಹಂಗಾರ ಒಲ್ಲೆ" ಎಂದು ಸೀರೆ ಅಲ್ಲೇ ಚೆಲ್ಲಿ ಮುದುಕಿ ಎದ್ದು ಹೊರಟಳು.

ನಮ್ಮ ಕಡೆಯ ವ್ಯಾಪಾರ ಗೊತ್ತಿದ್ದವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಗಿರಾಕಿ ಎದ್ದು ಹೋಗುವುದು ನಿಜವಾಗಿ ಹೋಗುವುದಕ್ಕಲ್ಲ. ಅಂಗಡಿಯವ "ಬಾರವಾ, ಬಾ, ನಿನ್ನ ಮಾತೂ ಬ್ಯಾಡ, ನನ್ನ ಮಾತೂ ಬ್ಯಾಡ" ಎಂದು ಕೂಗಬೇಕು, ಗಿರಾಕಿ ಮುಖ ಗಂಟಿಕ್ಕಿಕೊಂಡೇ ತಿರುಗಿ ಬರಬೇಕು. ಇದೆಲ್ಲ ನನಗೂ ಗೊತ್ತಿತ್ತು. ಆದರೆ ದರ ಇಳಿಸುವ ಮನಸ್ಸಿಲ್ಲದೆ ಕರೆಯುವುದು ಮೋಸವಲ್ಲವೇ? ಕರೆಯಲಿಲ್ಲ.

ಮುದುಕಿ ನಿಧಾನವಾಗಿ ನಡೆದಳು. ಬೇವಿನ ಗಿಡದ ಹತ್ತಿರ ನಿಂತು ಕಾಲಲ್ಲಿ ಮುಳ್ಳು ಹುಡುಕಿದಳು. ಸೆರಗು ಝಾಡಿಸಿದಳು. ಕಡೆಗೆ ರೇಗಿ ವಾಪಸು ಬಂದಳು.

"ಏ ತಮ್ಮಾ, ನಿನ್ನ ಬಾಯಾಗ ಎಲಿ-ಅಡಿಕಿ ಐತೇನು? ಹೋಗೂ ಗಿರಾಕಿನ್ನ ಕರೀಬೇಕನ್ನೂದು ತಿಳೀದಿಲ್ಲ?"

"ಕರದ್ರೂ ದರ ಅದೇ ಅವ್ವಾ."

"ದರ ಯಾರು ಕೇಳ್ಯಾರ? ಮಂದಿ ನೋಡಾಕತ್ಯಾರ. ಈಗ ಮತ್ತ ಹೊಕ್ಕೀನಿ. ಈ ಸಲ ಕರಿ."

ಹೇಳಿದಂತೆ ಮತ್ತೆ ಹೋದಳು. "ಬಾರವಾ, ದರ ಅದೇ ಐತಿ, ಬಾ!" ಎಂದು ಕೂಗಿದೆ. ಮುದುಕಿ ಗತ್ತಿನಿಂದ ತಿರುಗಿ ಬಂದು ಪೂರ್ತಿ ದರ ಕೊಟ್ಟು ಸೀರೆ ಒಯ್ದಳು.

ಸುದ್ದಿ ಕೊಪ್ಪಳ ಮುಟ್ಟಿತು. ಅಲ್ಲೊಂದು ಕಡೆ ನನಗೆ ಹೆಣ್ಣಿನ ಮಾತು ನಡೆದಿತ್ತು. ಆ ಹುಡುಗಿಯ ತಾಯಿ ಹೇಳಿಕಳಿಸಿದಳು: "ಹೊಂಟ ಗಿರಾಕಿನ್ನ ಕರೀಲಾರದವ, ನಾಳೆ ನನ್ನ ಮಗಳು ಸಿಟ್ಟಾಗಿ ತವರಿಗೆ ಬಂದ್ರ ಕರಿಯಾಕ ಬರ್ತಾನೇನು?"

ಕೆಂಪು ರುಮಾಲು

ಹುಲಿಹೈದರದ ರೈತನೊಬ್ಬ ತಲೆಗೆ ಸುತ್ತುವ ಕೆಂಪು ರುಮಾಲು ಎತ್ತಿಕೊಂಡ. ಅದು ನನಗೆ ಗೊತ್ತಿದ್ದ ಮಾಲು. "ಕಾಕಾ, ಅದು ಬ್ಯಾಡ. ಒಂದು ಹನಿ ನೀರು ಬಿದ್ರ ಸಾಕು, ಬಣ್ಣ ಬಿಡ್ತೈತಿ. ಈ ಬಿಳೀದು ತಗೋ" ಅಂದೆ.

ಆತ ಬಿಳಿಯದನ್ನು ನೋಡಿದ, ಕೆಂಪು ರುಮಾಲನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ ಕಣ್ಣು ಸಣ್ಣದು ಮಾಡಿ ದನಿ ತಗ್ಗಿಸಿದ. "ಯಾರಿಗೆ ಎತ್ತಿಟ್ಟೀ? ನಮ್ಮೂರ ಗೌಡಗೋ?"

"ಯಾರಿಗೂ ಇಲ್ಲೋ ಮಾರಾಯಾ, ಬಣ್ಣ ಹೋಗ್ತೈತಿ!"

"ಗೊತ್ತಾತು, ಗೊತ್ತಾತು. ತನ್ನ ಮಾಲು ತಾನ ಹಳಿಯೂ ವ್ಯಾಪಾರಿ ಎಲ್ಲೆದಾನ? ಗೌಡಗ ಬ್ಯಾರೆ ತರಿಸಿ ಕೊಡು. ಇದು ನಂದು." ಗೌಡನನ್ನು ಗೆದ್ದ ಹುರುಪಿನಲ್ಲಿ ರುಮಾಲು ಅಲ್ಲೇ ಸುತ್ತಿಕೊಂಡು ಹೋದ.

ದಾರಿಯಲ್ಲಿ ಮಳೆ ಹಿಡಿಯಿತಂತೆ. ಮುಂದಿನ ಸಂತೆಗೆ ಬಂದಾಗ ಆತನ ಹಣೆ, ಕಿವಿ, ಬಿಳಿ ಮೀಸೆ ಎಲ್ಲ ಕೆಂಪು ಕೆಂಪು. ನಾನು ಗಾಬರಿಯಾಗಿ, "ಕಾಕಾ, ನಾ ಮೊದಲ ಹೇಳಿದ್ದೆ" ಅಂದೆ.

"ಹೇಳಿದ್ಯೋ! ಬಣ್ಣ ಹೋಗ್ತೈತಿ ಅಂತ ಹೇಳಿದಿ. ಆದ್ರ ನೀ ಖರೇ ಹೇಳಾವ ಅನ್ನೂದು ಮೊದಲ ಯಾಕ ಹೇಳಲಿಲ್ಲ?"

ಸಿದ್ದಾಪುರದ ದರ್ಜಿ

ಇದು ಸಣ್ಣದು. ಸಿದ್ದಾಪುರದ ದರ್ಜಿ ಸಾಹೇಬರೊಬ್ಬರು ನಮ್ಮಲ್ಲಿ ಅರಿವೆ ಒಯ್ದರು. ಅವರ ಅಳತೆಯೆಲ್ಲ ಮೊಳಗೈಯಲ್ಲೇ. ಪ್ಯಾಟಿಯ ಅಂಗಡಿಗಳು ಜಗ್ಗಿ ಅಳೆದುಕೊಟ್ಟ ಅರಿವೆಗೆ ಅವರ ಕೈ ಎಷ್ಟೋ ವರ್ಷಗಳಿಂದ ಒಗ್ಗಿಹೋಗಿತ್ತು. ನಾನು ಜಗ್ಗದೆ ಕೊಟ್ಟ ಅರಿವೆಯನ್ನು ಮನೆಗೆ ಹೋಗಿ ಅಳೆದರೆ ಒಂದು ತುಂಡು ಹೆಚ್ಚಿಗೆ ಬಂತು. ಮತ್ತೆ ಅಳೆದರು, ಮತ್ತೆ ಹೆಚ್ಚು. ಸಪ್ಪಗಾಗಿ ಅಂಗಡಿಗೆ ಬಂದರು.

"ಯಾಕ್ರಿ ಸಾಹೇಬ್ರ, ಅರಿವಿ ಕಡಿಮಿ ಬಂತೇನು?"

"ನಹೀ ಸಾವಕಾರ್, ಜಾಸ್ತಿ ಬಂತು. ಅಂಗಡಿಯವ ಜಾಸ್ತಿ ಕೊಡೂದಂತೂ ಇಲ್ಲ. ಅಂದಮ್ಯಾಲೆ..." ಎಂದು ಬಲಗೈಯನ್ನು ಚಾಚಿ ಹಿಂದೆ ಮುಂದೆ ತಿರುಗಿಸಿ ತೋರಿಸಿದರು. "ವಯಸ್ಸಾತು ನೋಡ್ರಿ, ಕೈ ಗಿಡ್ಡ ಆಗಾಕತ್ತೈತಿ. ಬೀವಿ ದಿನಾ ಎಣ್ಣಿ ತಿಕ್ಕಿ ಜಗ್ಗಾಕತ್ತಾಳ."

ಗದ್ದಲವಿಲ್ಲದ ಅಂಗಡಿ

ಒಂದೇ ದರವಾದ ಮೇಲೆ ಅಂಗಡಿಯಲ್ಲಿ ಗದ್ದಲ ನಿಂತುಹೋಯಿತು. ಅಕ್ಕಪಕ್ಕದ ಅಂಗಡಿಗಳಲ್ಲಿ ಆಣೆ-ಪ್ರಮಾಣ, ಮಕ್ಕಳ ತಲೆ ಮುಟ್ಟಿ ಹೇಳುವುದು, ಗಲ್ಲೆ ಗುದ್ದುವುದು ಎಲ್ಲ ಜೋರಾಗಿ ನಡೆದಿರುತ್ತಿತ್ತು. ನಮ್ಮಲ್ಲಿಗೆ ಬಂದವರು ಕೇಳಿ, ಕೊಟ್ಟು, ಕಟ್ಟಿಸಿಕೊಂಡು ಸುಮ್ಮನೆ ಹೋಗುತ್ತಿದ್ದರು. ಇದು ಠಾಣೆ ನಡೆಸುವ ಪೊಲೀಸ್ ಅಮೀನ್ ಸಾಹೇಬರ ಕಣ್ಣಿಗೆ ಬಿತ್ತು. ಅದು ಚಳವಳಿಯ ಕಾಲ. ಕಾಲೇಜು ಕಲಿತವನ ಮೇಲಂತೂ ಸರ್ಕಾರಕ್ಕೆ ಒಂದು ಕಣ್ಣು ಇದ್ದೇ ಇತ್ತು.

ಬಂದವರೇ ಗಾದಿಯ ಮೇಲೆ ಕೂತು, "ಸಾವಕಾರ್, ಅಂಗಡಿ ಭಾಳ ಖಾಮೋಶ್ ಐತಿ. ಮಂದಿ ಬರ್ತಾರ, ಪಿಸುಪಿಸು ಅಂತಾರ, ಗಂಟು ತಗೊಂಡು ಹೊಕ್ಕಾರ. ಗಂಟಿನಾಗ ಏನೈತಿ?" ಅಂದರು.

"ಧೋತರ ಸಾಹೇಬ್ರ."

"ಜಗಳ ಮಾಡದಂಗ ಧೋತರ ಯಾರು ಮಾರ್ತಾರ?"

ಗಂಟು ಬಿಚ್ಚಿಸಿದರು. ಧೋತರವೇ ಇತ್ತು. ಅವರಿಗೆ ಸಮಾಧಾನವಾಗಲಿಲ್ಲ. ಪರೀಕ್ಷೆಗೆಂದು ಶೇರ್ವಾನಿಯ ಅರಿವೆಯೊಂದನ್ನು ಎತ್ತಿಕೊಂಡು ದರ ಕೇಳಿದರು. ಹೇಳಿದೆ. "ನಮಗ ಎಷ್ಟಕ್ಕ ಕೊಡ್ತೀ?" ಅಂದರು. ಅಮೀನರಿಗೆ ಪ್ಯಾಟಿಯವರು ಅರಿವೆಯನ್ನು ಮನೆಗೇ ಮುಟ್ಟಿಸಿ, ಮೇಲೆ ಸಲಾಮು ಹೊಡೆದು ಬರುತ್ತಿದ್ದ ಕಾಲ. ಒಳಗೆ ಕೂತಿದ್ದ ಅಪ್ಪ ಕೈ ಮುಗಿದು ಸನ್ನೆ ಮಾಡುತ್ತಿದ್ದ. ನನ್ನ ಬಾಯಿ ಮಾತ್ರ, "ಎಲ್ಲಾರಿಗೂ ಅದೇ ದರ ಸಾಹೇಬ್ರ" ಅಂದಿತು.

ಅಮೀನರ ಮುಖದ ಬಣ್ಣವೇ ಬದಲಾಯಿತು. ಎದ್ದು ನಿಂತು ಟೊಪ್ಪಿಗೆ ಸರಿಮಾಡಿಕೊಂಡರು. ಪೂರ್ತಿ ದರ ಕೊಟ್ಟರು. ಮೆಟ್ಟಿಲು ಇಳಿಯುವಾಗ ಜತೆಗಿದ್ದ ಜವಾನನ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು: "ಇವನ ಗೋಜಿಗೆ ಹೋಗಬ್ಯಾಡ. ಅಮೀನಗೂ ದರ ಇಳಸೂದಿಲ್ಲಂದ್ರ, ಹೈದರಾಬಾದಿನಾಗ ಇವಗ ಭಾಳ ದೊಡ್ಡವರು ಯಾರೋ ಅದಾರ!"

ಯಲಬುರ್ಗಾದಲ್ಲಿ ನಡೆದಿದ್ದ ಹೆಣ್ಣಿನ ಮಾತು ಅಲ್ಲಿಗೆ ಮುರಿಯಿತು. ಅಮೀನರೇ ಅಂಜುವ ಮನುಷ್ಯನಿಗೆ ಮಗಳನ್ನು ಕೊಡಲು ಅವರಿಗೂ ಅಂಜಿಕೆ.

ಕುಷ್ಟಗಿಯ ತಪಾಸಣೆ

ದೀಪಾವಳಿ ಹತ್ತಿರ ಬಂತು. ಅಪ್ಪ ಗೆದ್ದವನಂತೆ ಮೀಸೆ ತಿರುವತೊಡಗಿದ. ಅವ್ವ ಹಟ ಹಿಡಿದು ತನ್ನ ತಮ್ಮನನ್ನು, ಅಂದರೆ ನನ್ನ ಸೋದರಮಾವನನ್ನು, ಕುಷ್ಟಗಿಗೆ ಕಳಿಸಿದಳು. ಅಲ್ಲೊಬ್ಬ ಎಣ್ಣೆಕಾಳಿನ ವ್ಯಾಪಾರಿಯ ಮಗಳಿದ್ದಳು. ಮಾವ ಹೊರಡುವಾಗ ನಾನು ಖಂಡಿತವಾಗಿ ಹೇಳಿದೆ: "ವರದಕ್ಷಿಣಿ ಬ್ಯಾಡ ಅಂತ ಮೊದಲ ಹೇಳಿಬಿಡು. ಅಂಗಡ್ಯಾಗ ಒಂದು ನೀತಿ, ಲಗ್ನದಾಗ ಒಂದು ನೀತಿ ನನ್ನಿಂದ ಆಗೂದಿಲ್ಲ."

ಈ ಮಾತು ಕೇಳಿ ಹುಡುಗಿಯ ಅಪ್ಪ ಹಿಗ್ಗುತ್ತಾನೆಂದು ಮಾವ ತಿಳಿದಿದ್ದ. ಆ ಮನುಷ್ಯ ಎಲೆ-ಅಡಿಕೆ ಜಗಿಯುವುದನ್ನೇ ನಿಲ್ಲಿಸಿದನಂತೆ.

"ಹುಡುಗಗ ಏನಾಗೈತಿ?"

"ಏನೂ ಆಗಿಲ್ರಿ."

"ಏನೂ ಆಗದ ಮ್ಯಾಲೆ ವರದಕ್ಷಿಣಿ ಯಾಕ ಬ್ಯಾಡಂತಾನ?"

ನೋಡಿಯೇ ಬಿಡೋಣವೆಂದು ನಮ್ಮನ್ನು ಕರೆಸಿದರು. ಅಪ್ಪ, ಮಾವ, ನಾನು ಹೋದೆವು. ಹೆಸರಿಗೆ ಹೆಣ್ಣು ತೋರಿಸುವ ಶಾಸ್ತ್ರ. ನಡೆದದ್ದೆಲ್ಲ ನನ್ನ ತಪಾಸಣೆ. "ಬಾವಿ ನೀರು ಭಾಳ ಸಿಹಿ ಅದಾವ, ನೀವ ಒಂದು ಕೊಡ ಸೇದಿ ನೋಡ್ರಿ" ಎಂದು ನನ್ನ ರಟ್ಟೆ ನೋಡಿದರು. ಹುಡುಗಿಯ ಅಜ್ಜಿ "ಸೆಕಿ ಭಾಳ ಐತಿ, ಟೊಪ್ಪಿಗಿ ತಗೀರಿ" ಎಂದು ಕೂದಲು ನೋಡಿದಳು. ಬೆನ್ನ ಹಿಂದೆ ಯಾರೋ ಮೆಲ್ಲಗೆ "ಚೇಳು!" ಅಂದರು, ನಾನು ಹಾರಿಬಿದ್ದೆ. "ಕಿವಿ ಸರಿ ಅದಾವ" ಎಂದು ಒಳಗೆ ಸುದ್ದಿ ಹೋಯಿತು. ಊಟವಾದ ಮೇಲೆ, ನಿದ್ದೆಯಲ್ಲಿ ಮೂರ್ಛೆಗೀರ್ಛೆ ಬರುತ್ತದೇನೋ ನೋಡಲು, ಚಾಪೆ ಹಾಸಿ ಬಲವಂತವಾಗಿ ಮಲಗಿಸಿದರು. ಕಣ್ಣು ಮುಚ್ಚಿಕೊಂಡು ಬಿದ್ದಿದ್ದೆ. ತಲೆದೆಸೆಯಲ್ಲಿ ಕೂತವನೊಬ್ಬ ಗಳಿಗೆಗೊಮ್ಮೆ ಬಾಗಿಲ ಕಡೆ ಹೇಳುತ್ತಿದ್ದ: "ಇನ್ನೂ ಏನೂ ಬಂದಿಲ್ರಿ. ಬರೇ ಉಸಿರಾಡಾಕತ್ತಾನ."

ಒಂದೂ ಕುಂದು ಸಿಗಲಿಲ್ಲ. ಅದರಿಂದ ಹುಡುಗಿಯ ಅಪ್ಪ ಇನ್ನಷ್ಟು ಕಂಗಾಲಾದ. "ಕಾಣೂ ಕುಂದು ಇದ್ದಿದ್ರ ಹೆಂಗರ ನಡೀತಿತ್ತು. ಕಾಣಲಾರದ್ದು ಭಾಳ ಅಪಾಯ" ಅಂದ.

ಅಪ್ಪ ನನ್ನ ಕಿವಿಯಲ್ಲಿ ಗೋಗರೆದ: "ಅವರ ಸಮಾಧಾನಕ್ಕರ ಏನರ ಸ್ವಲ್ಪ ವರದಕ್ಷಿಣಿ ಕೇಳೋ!"

"ಆಗೂದಿಲ್ಲ."

"ಹಂಗಾರ ಇದ ಕಡೀ ಮಾತು. ದೀಪಾವಳಿ ಮುಗೀತಿದ್ದಂಗ ಗಲ್ಲೆ ಮ್ಯಾಲೆ ನಾ ಕೂಡ್ತೀನಿ. ನೀ ನಾ ಹೇಳಿದಂಗ ಜಗ್ಗಿ ಅಳೀಬೇಕು."

ಅಷ್ಟರಲ್ಲಿ ಹುಡುಗಿ ಅವಲಕ್ಕಿಯ ತಾಟು ಹಿಡಿದು ಬಂದಳು. ತಲೆ ಬಗ್ಗಿಸಿ ಅಜ್ಜಿಯ ಪಕ್ಕ ಕೂತಳು. ಅಜ್ಜಿ ನನ್ನ ಕಡೆ ಬೆರಳು ಮಾಡಿದಳು. "ಖರೇನ ಹೇಳ್ತಾನಂತಲ್ಲ. ಹೇಳಲಿ ನೋಡೂಣು, ನಮ್ಮ ಹುಡುಗಿ ಹೆಂಗದಾಳ?"

ಅಪ್ಪ ನನ್ನ ತೊಡೆ ಹಿಂಡಿದ. ಮಾವ ಕೆಮ್ಮಿದ. ಹುಡುಗಿಯನ್ನು ನೋಡಿದೆ. ನನಗೆ ಮನಸ್ಸಿಗೆ ಬಂದಿದ್ದಳು, ಅದೇ ತೊಡಕು. "ರಂಭೆ" ಎಂದುಬಿಟ್ಟರೆ ಮುಗಿಯುತ್ತಿತ್ತು. ಬಾಯಿ ಕೇಳಬೇಕಲ್ಲ.

"ಛಲೋ ಅದಾಳ್ರಿ. ನನಗ ಪಸಂದ್ ಅದಾಳ. ಮೂಗು ಮಾತ್ರ ಸ್ವಲ್ಪ ದಪ್ಪ ಐತಿ."

ಹುಡುಗಿಯ ಅಪ್ಪ ಎದ್ದು ನಿಂತ. ನಮ್ಮಪ್ಪ ರುಮಾಲು ಸುತ್ತಿಕೊಂಡು ಚಪ್ಪಲಿ ಹುಡುಕತೊಡಗಿದ.

ಆಗ ಹುಡುಗಿ ಕಿಸಕ್ಕನೆ ನಕ್ಕಳು. ತಲೆ ಎತ್ತಿ ಅಜ್ಜಿಗೆ ಹೇಳಿದಳು: "ಅಜ್ಜೀ, ಇಷ್ಟು ದಿನ ಬಂದವರೆಲ್ಲಾ ನನ್ನ ಮೂಗು ಸಂಪಿಗಿ ಮೊಗ್ಗು ಅಂದ್ರು. ಅವಲಕ್ಕಿ ತಿಂದ್ರು. ಊರು ಮುಟ್ಟಿದ ಮ್ಯಾಲೆ, ಮೂಗು ದಪ್ಪ ಐತಿ ಒಲ್ಲೆವು ಅಂತ ಹೇಳಿಕಳಿಸಿದ್ರು. ಇವರು ಇಲ್ಲೇ ಹೇಳ್ಯಾರ. ಹೇಳಿದ ಮ್ಯಾಲೂ ಎದ್ದು ಹೋಗಿಲ್ಲ. ನನಗ ಇವರೇ ಇರಲಿ."

ಅಜ್ಜಿ "ಇರಲಿ" ಅಂದಳು. ಅಜ್ಜಿ ಅಂದ ಮೇಲೆ ಆ ಮನೆಯಲ್ಲಿ ಯಾರಿಗೂ ಮಾತಿಲ್ಲ. ದೀಪಾವಳಿಗೆ ಮೊದಲೇ ಅಕ್ಷತೆ ಬಿತ್ತು, ಗಲ್ಲೆ ನನಗೆ ಬಂತು. ನನ್ನ ಪದ್ಧತಿಯೂ ಖಾಯಂ ಆಯಿತು.

ನನಗೆ ಹೆಣ್ಣು ಕೊಟ್ಟ ಮಾವನವರು ಮಾತ್ರ ಕಡೆಯವರೆಗೂ ನನ್ನನ್ನು ನಂಬಲಿಲ್ಲ. ಮೊಮ್ಮಕ್ಕಳಾದವು, ಅವು ಶಾಲೆಗೂ ಹೋದವು. ಆದರೂ ಕುಷ್ಟಗಿಯಿಂದ ಬಂದಾಗಲೆಲ್ಲ ನನ್ನ ಕಡೆ ಓರೆಗಣ್ಣಲ್ಲಿ ನೋಡಿ, ಮಗಳನ್ನು ಅಡುಗೆಮನೆಯ ಮೂಲೆಗೆ ಕರೆದು ಮೆಲ್ಲಗೆ ಕೇಳುತ್ತಿದ್ದರು: "ಏನರ ಸಿಕ್ತೇನವಾ?"

ಈಕೆ ರೊಟ್ಟಿ ಬಡಿಯುತ್ತಲೇ, "ಇಲ್ಲಪ್ಪಾ, ಇನ್ನೂ ಹುಡುಕಾಕತ್ತೀನಿ" ಅನ್ನುತ್ತಿದ್ದಳು.

ಅವರು ಮಗಳ ತಲೆ ನೇವರಿಸಿ ಸಮಾಧಾನ ಹೇಳುತ್ತಿದ್ದರು: "ಧೈರ್ಯ ಬಿಡಬ್ಯಾಡವಾ. ಇವತ್ತಿಲ್ಲಂದ್ರ ನಾಳೆ, ಸಿಕ್ಕೇ ಸಿಗ್ತೈತಿ."